ಕೈ ಬದಲಾದ ವಸ್ತುಗಳು

ಹೊಸ ವಸ್ತು ತಾನು ಯಾವುದಕ್ಕೆ ಎಂದು ಡಬ್ಬದ ಮೇಲೇ ಬರೆದುಕೊಂಡು ಬರುತ್ತದೆ. ಗುಜರಿಯಲ್ಲಿ ಬಿದ್ದದ್ದಕ್ಕೆ ಡಬ್ಬವೂ ಇಲ್ಲ, ಕೆಲಸವೂ ಇಲ್ಲ. ಕಣ್ಣು ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ.

*

1942ರಲ್ಲಿ ಪಿಕಾಸೊ ಸೈಕಲ್ಲಿನ ಹಳೆಯ ಸೀಟಿಗೆ ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. ಸೈಕಲ್ಲಿನಲ್ಲಿ ಇರುವಷ್ಟು ದಿನ ಸೀಟು ಕೂರುವುದಕ್ಕೆ ಮಾತ್ರ. ಕಳಚಿದ ಮೇಲೆ ಅದಕ್ಕೊಂದು ಮುಖ ಇದೆಯೆಂದು ತಿಳಿಯಿತು.

*

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿಗೆ ಪಟ್ಟಿ ಹಿಡಿದು ಹೋದವರಿಗೆ ಪಟ್ಟಿಯಲ್ಲಿರುವುದು ಸಿಕ್ಕೀತು. ಸುಮ್ಮನೆ ಹೋದವರಿಗೆ ಅದರ ಪಕ್ಕದ್ದು ಸಿಗುತ್ತದೆ. ಯಾರೋ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಅಂಚಿನಲ್ಲಿ ‘ಸುಳ್ಳು’ ಎಂದು ಬರೆದಿರುತ್ತಾರೆ. ಪುಸ್ತಕ ಸಪ್ಪೆಯಾದರೂ ಆ ಜಗಳಕ್ಕೆ ದುಡ್ಡು ಕೊಡಬಹುದು.

*

ಕಲಾವಿದ ಜೋಸೆಫ್ ಕಾರ್ನೆಲ್ (1903–1972) ನ್ಯೂಯಾರ್ಕಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ನಕ್ಷೆ, ಗಾಜಿನ ಲೋಟ, ಹಕ್ಕಿಯ ಚಿತ್ರ ಹುಡುಕಿ ತಂದು, ಗಾಜಿನ ಮುಖವಿರುವ ಮರದ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದ. ಕ್ವೀನ್ಸ್‌ನಲ್ಲಿ ತಾಯಿ ಮತ್ತು ಕಾಯಿಲೆಯ ತಮ್ಮನೊಡನೆ ಇದ್ದ ಸಾಧಾರಣ ಮನೆ, ನೆಲಮಾಳಿಗೆಯೇ ಕಾರ್ಯಾಗಾರ. ಯುರೋಪನ್ನು ಅವನು ಕಣ್ಣಾರೆ ಕಂಡವನೇ ಅಲ್ಲ. ಪೆಟ್ಟಿಗೆಗಳಲ್ಲಿ ಮಾತ್ರ ಯುರೋಪಿನ ಹೋಟೆಲುಗಳ ಹೆಸರು.

*

ಪತ್ರಿಕೆಯ ಪುಟದಲ್ಲಿ ಬರುವ ಅಂದದ ಮನೆಗಳಲ್ಲಿ ಓದುವ ಕನ್ನಡಕ ಎಲ್ಲೂ ಬಿದ್ದಿರುವುದಿಲ್ಲ. ಅಲ್ಲಿ ಯಾರಿಗಾದರೂ ಏನಾದರೂ ಹೊಳೆದೀತೇ ಎಂಬುದು ನನ್ನ ಗುಮಾನಿ.

*

ಕರಾವಳಿಯ ದೊಡ್ಡ ಮನೆಗಳು ಪಾಲಾಗಿ, ಉರುಳಿ, ಕಂಬ ತೊಲೆ ಬಾಗಿಲುಗಳು ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದ ಕಾಲ. ಮಣಿಪಾಲದ ಬ್ಯಾಂಕ್ ನೌಕರ ವಿಜಯನಾಥ ಶೆಣೈ ಅವನ್ನು ತಂದು ತಮಗೊಂದು ಮನೆ ಕಟ್ಟಿಕೊಂಡರು. ನೋಡಲು ಬರುವವರ ಸಾಲು ಶುರುವಾಯಿತು. ಆಮೇಲೆ ಕಂಬ ಸಾಲದೆ ಇಡೀ ಮನೆಗಳಿಗೇ ಕೈಹಾಕಿದರು. ಕುಕನೂರಿನ ಕಮಲ್ ಮಹಲು, ಮುಧೋಳದ ಅರಮನೆಯ ದರ್ಬಾರು, ಮಿಯಾರಿನ ಮನೆ ಎಲ್ಲವೂ ಕಳಚಿಕೊಂಡು ಬಂದು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಂತಿವೆ. ಮರದ ಮೇಲೆ ಕೈಯಾಡಿಸಿದರೆ ಬಡಗಿಯ ಉಳಿ ಎಲ್ಲಿ ತಿರುಗಿತೆಂದು ಬೆರಳಿಗೆ ಗೊತ್ತಾಗುತ್ತದೆ. ಆದರೆ ಒಲೆ ಹೊತ್ತದ ಮನೆಗಳು ಅವು. ಉಳಿಸಿದವರಿಗೆ ಕೈಮುಗಿದೇ ಈ ಮಾತು ಹೇಳಬೇಕು: ಕೂರಲು ಮನಸ್ಸಾಗುವುದು ಜಗಲಿಯ ಮೇಲೆ, ಅಲ್ಲಿ ಕೂರುವವರು ಯಾರೂ ಇಲ್ಲ.

*

ಚಂಡೀಗಢ ಕಟ್ಟಲೆಂದು ಹಳ್ಳಿಗಳನ್ನು ಕೆಡವಿದರು. ರಸ್ತೆ ಇನ್ಸ್‌ಪೆಕ್ಟರಾಗಿದ್ದ ನೇಕ್ ಚಂದ್ ಆ ಅವಶೇಷ, ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಸೈಕಲ್ಲಿನ ಮೇಲೆ ಹೊತ್ತು ತಂದು, ಕಾಡಿನ ಸರ್ಕಾರಿ ಜಾಗದಲ್ಲಿ ಯಾರಿಗೂ ತಿಳಿಯದಂತೆ ಗೊಂಬೆಗಳ ಊರು ಕಟ್ಟಿದ. ಅಧಿಕಾರಿಗಳಿಗೆ ತಿಳಿದಾಗ ಅದು ಎಕರೆಗಟ್ಟಲೆ ಹಬ್ಬಿತ್ತು. 1976ರಲ್ಲಿ ಅದೇ ಸರ್ಕಾರಿ ಉದ್ಯಾನವಾಯಿತು. ಸ್ಕೇಲಿಟ್ಟು ಗೆರೆ ಎಳೆದ ನಗರಕ್ಕೆ ಬಂದವರು ಈಗ ಅದರ ಕಸದಿಂದ ಎದ್ದ ಊರನ್ನೂ ತಪ್ಪದೆ ನೋಡಿ ಹೋಗುತ್ತಾರೆ.

*

ಗ್ಯಾಲರಿಯಲ್ಲಿ ದನಿ ತಗ್ಗಿಸಬೇಕು. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ‘ಎಷ್ಟಕ್ಕೆ ಕೊಡ್ತೀರಿ ಸಾರ್?’ ಎಂದು ಕಲಾವಿದರನ್ನೇ ಕೇಳಬಹುದು.

*

ಆ ಸಂತೆಯಲ್ಲಿ ಬುದ್ಧರು ಬಹಳ, ಓಡುವ ಕುದುರೆಗಳು ಇನ್ನೂ ಬಹಳ. ಬೇಸರವಾಗುತ್ತದೆ, ನಿಜ. ಆದರೆ ‘ಇಷ್ಟನ್ನು ನಾನೂ ಮಾಡಬಲ್ಲೆ’ ಎಂದು ಮನೆಗೆ ಬಂದು ಕುಂಚ ಹಿಡಿಯುವಂತೆ ಮಾಡುವುದು ಇಂಥ ಸಾಧಾರಣ ಚಿತ್ರಗಳೇ. ಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ನೋಡಿದ ದಿನ ಕುಂಚ ತೊಳೆದಿಟ್ಟುಬಿಡೋಣ ಅನ್ನಿಸುತ್ತದೆ.

*

ಪ್ರದರ್ಶನದಲ್ಲಿ ಚಿತ್ರಕ್ಕಿಂತ ಪಕ್ಕದ ಚೀಟಿಯನ್ನು ಹೆಚ್ಚು ಓದುತ್ತೇವೆ. ಗುಜರಿಯಲ್ಲಿ ಚೀಟಿ ಇಲ್ಲದಿರುವುದು ಒಂದು ಉಪಕಾರ.

*

ಎಲ್ಲವನ್ನೂ ಕೊಳ್ಳಬಾರದು. ಬಿಟ್ಟು ಬಂದ ಗಡಿಯಾರ ತಿಂಗಳುಗಟ್ಟಲೆ ತಲೆಯಲ್ಲಿ ನಡೆಯುತ್ತದೆ. ತಂದದ್ದರ ಧೂಳು ಒರೆಸಬೇಕು.

*

ಈಗ ಸವೆತವೂ ಮಾರಾಟಕ್ಕಿದೆ. ಹೊಸ ಹಿತ್ತಾಳೆಗೆ ಆಸಿಡ್ ತಾಗಿಸುತ್ತಾರೆ, ಹೊಸ ಮರಕ್ಕೆ ಉಪ್ಪುಕಾಗದ ಉಜ್ಜುತ್ತಾರೆ. ನಿಜವಾಗಿ ಬಳಸಿದ ತಂಬಿಗೆ ಬೆರಳು ಹಿಡಿಯುವ ಕಂಠದಲ್ಲಿ ಮತ್ತು ನೆಲಕ್ಕೆ ತಾಗುವ ತಳದಲ್ಲಿ ಸವೆದಿರುತ್ತದೆ. ಮೈಯೆಲ್ಲ ಒಂದೇ ಸಮ ಹಳೆಯದಾಗಿದ್ದರೆ ಬೆಲೆ ಕೇಳದೆ ಮುಂದಿನ ಅಂಗಡಿಗೆ ಹೋಗಿ.