ಪಡುವಣ ಗೆರೆ

ನನ್ನ ಅಜ್ಜಿಗೆ ಪಡು ದಿಕ್ಕಿನ ಮೇರೆ ಅರಬ್ಬಿ ಕಡಲು. ಮೂಡಬಿದ್ರೆಗೆ ಬಂದಿದ್ದ ಮುನಿಗಳ ಎದುರು ಅವರು ದಿಗ್ವ್ರತ ತೆಗೆದುಕೊಂಡಾಗ ತೆಂಕಕ್ಕೆ ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಪೊನ್ನೂರು ಬೆಟ್ಟ, ಬಡಗು-ಮೂಡಕ್ಕೆ ಸಮ್ಮೇದ ಶಿಖರ್ಜಿ, ಪಡುವಕ್ಕೆ ಕಡಲಿನ ಬದಿ ಎಂದು ಗೆರೆ ಎಳೆದುಕೊಂಡಿದ್ದರು. ಜೀವ ಇರುವ ತನಕ ಅದರಾಚೆ ಕಾಲಿಡುವುದಿಲ್ಲ, ಅಲ್ಲಿಯ ವ್ಯವಹಾರವೂ ಬೇಡ. ಆ ಗೆರೆಯನ್ನು ದಾಟಿದವಳು ನಾನು, ಇಬ್ಬರು ಮಕ್ಕಳನ್ನು ಕರೆದುಕೊಂಡು, ದುಬೈಯಲ್ಲಿ ಕೆಲಸಕ್ಕಿರುವ ಅವರ ಅಪ್ಪನ ಬಳಿಗೆ.

ವ್ರತ ಅಜ್ಜಿಯದು, ನಿನ್ನದಲ್ಲ, ಹಾಗಾಗಿ ಭಂಗದ ಮಾತೇ ಇಲ್ಲ ಎಂದು ಮಾವ ಹೇಳಿದರು. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ವೇಣೂರಿನ ನಮ್ಮ ಮನೆಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಳಿಯಸಂತಾನ ಕಾನೂನಿನಿಂದ ಹೋದರೂ ಹಿರಿಯರ ಮನಸ್ಸಿನಿಂದ ಹೋಗಿಲ್ಲ. ಅಪ್ಪ ದೂರ ಇರುವುದು ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ತಾಯಿಯೇ ಮಕ್ಕಳನ್ನು ಹೊರಡಿಸಿದರೆ ಮನೆತನವೇ ಎದ್ದು ಹೋದ ಹಾಗೆ. ಇದು ಬರೀ ಆಸೆಯೇ? ಆಸೆಯಾದರೆ ಅದರ ಕೊನೆ ಎಲ್ಲಿ? ಹೊರಡುವ ಮೊದಲು ಈ ಪ್ರಶ್ನೆಗೆ ನನಗೆ ಉತ್ತರ ಬೇಕಿತ್ತು.

ನಮ್ಮ ಕಡೆಯವರು ಊರು ಬಿಡುವುದು ಹೊಸತಲ್ಲ. ಮೊದಲು ಬೊಂಬಾಯಿ, 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಗಲ್ಫ್. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಯಾವ ಬಸ್ಸಿನಲ್ಲಿ ಕೂತರೂ ಪಕ್ಕದವರ ಮಗನೋ ಅಳಿಯನೋ ಅಲ್ಲಿರುತ್ತಾನೆ. ಗೇಣಿಯ ಅಕ್ಕಿ ಅಂಗಳಕ್ಕೆ ಬರುತ್ತಿದ್ದ ನಮ್ಮಂಥ ಮನೆಗಳವರು ಮಾತ್ರ ಹೊರಟದ್ದು ತಡ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗದ್ದೆಗಳು ಉಳುವವರ ಹೆಸರಿಗೆ ಆದವು. ಅದು ನ್ಯಾಯ ಎಂದೇ ನಾನು ನಂಬಿದ್ದೇನೆ, ಅಜ್ಜಿಯೂ ಅದಕ್ಕೆ ಕಣ್ಣೀರು ಹಾಕಿದವರಲ್ಲ. ಆದರೆ ಅವರು ಹೇಳುತ್ತಿದ್ದರು: "ಅದು ನಾವು ಬಿಟ್ಟದ್ದಲ್ಲ ಮಗಾ, ಹೋದದ್ದು. ಹೋದದ್ದರಿಂದ ಪರಿಗ್ರಹ ಕಮ್ಮಿ ಆಗುವುದಿಲ್ಲ." ದಿಗ್ವ್ರತ ತೆಗೆದುಕೊಂಡದ್ದು ಅದಾದ ಮೇಲೆ, ಇನ್ನೂ ಕೈಯಲ್ಲಿ ಉಳಿದದ್ದನ್ನು ತಾವಾಗಿ ಬಿಡಬೇಕೆಂದು.

ದಿಕ್ಕಿಗೆ ಗೆರೆ ಎಳೆಯುವುದರಿಂದ ಏನು ಸಿಗುತ್ತದೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಕೊಟ್ಟ ಕಾರಣವನ್ನು ಮೊದಲು ಕೇಳಿದಾಗ ನಾನು ಬೆರಗಾಗಿದ್ದೆ. ಗೃಹಸ್ಥನ ವ್ರತ ಸಣ್ಣದು. ಒಲೆ ಹಚ್ಚಬೇಕು, ಗದ್ದೆ ಉಳಬೇಕು, ವ್ಯಾಪಾರ ಮಾಡಬೇಕು. ಪೂರ್ತಿ ಅಹಿಂಸೆ ಅವನಿಂದ ಸಾಧ್ಯವಿಲ್ಲ. ಆದರೆ ಅವನು ಎಳೆದ ಗೆರೆಯ ಆಚೆಗೆ ಅವನ ಕೈ, ಅವನ ಲೋಭ ಏನೂ ತಲಪುವುದಿಲ್ಲ. ಆ ಜಾಗದ ಮಟ್ಟಿಗೆ ಅವನ ಅಣುವ್ರತವೇ ಮುನಿಯ ಮಹಾವ್ರತದಷ್ಟು ದೊಡ್ಡದಾಗುತ್ತದೆ. ಅಂದರೆ ಅಜ್ಜಿ ದುಬೈಯನ್ನು ಕಂಡವರಲ್ಲ, ಕಾಣುವವರೂ ಅಲ್ಲ. ಆದರೂ ಅಲ್ಲಿನ ಸಕಲ ಜೀವಗಳಿಗೆ ಅಜ್ಜಿಯಿಂದ ಅಭಯ ಸಿಕ್ಕಿದೆ. ನಾನು ಹೊರಟದ್ದು ಅಂಥ ಊರಿಗೆ.

ಇನ್ನೊಂದು ವ್ರತ ಉಂಟು, ದೇಶವ್ರತ. ದಿಗ್ವ್ರತ ಬದುಕಿನ ಕೊನೆಯ ತನಕ. ದೇಶವ್ರತ ಇಷ್ಟು ದಿನ ಈ ಊರು, ಈ ಬೀದಿ, ಈ ಮನೆ ಬಿಟ್ಟು ಹೋಗುವುದಿಲ್ಲ ಎಂದು ಕಾಲ ನಿಶ್ಚಯಿಸಿ ಮಾಡುವಂಥದ್ದು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉಮಾಸ್ವಾಮಿಯ ತತ್ತ್ವಾರ್ಥಸೂತ್ರವನ್ನು ದಿನಕ್ಕೊಂದು ಅಧ್ಯಾಯದಂತೆ ವಿವರಿಸುವ ಕ್ರಮ. 7ನೇ ಅಧ್ಯಾಯದಲ್ಲಿ ದೇಶವ್ರತದ ಐದು ಅತಿಚಾರಗಳು, ಅಂದರೆ ವ್ರತಕ್ಕೆ ತಗಲುವ ದೋಷಗಳು, ಬರುತ್ತವೆ. ಗೆರೆಯೊಳಗೆ ತಾನು ಕೂತು ಆಚೆಯಿಂದ ವಸ್ತು ತರಿಸುವುದು ಆನಯನ. ಆಚೆಗೆ ಜನ ಕಳಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿ, ಕೂಗಿ ಆಚೆಯವರನ್ನು ಎಚ್ಚರಿಸುವುದು ಶಬ್ದಾನುಪಾತ. ಮುಖ ತೋರಿಸಿ ಸನ್ನೆ ಮಾಡುವುದು ರೂಪಾನುಪಾತ. ಮಣ್ಣಿನ ಹೆಂಟೆಯನ್ನೋ ಕಲ್ಲನ್ನೋ ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ.

ಇವರು ಒಬ್ಬರೇ ದುಬೈಯಲ್ಲಿದ್ದ ವರ್ಷಗಳಲ್ಲಿ ನಮ್ಮ ಸಂಸಾರ ನಡೆದದ್ದು ಈ ಐದರಿಂದಲೇ. ವೇಣೂರಿನ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಸೇರಿಗೆ ಫೋನನ್ನು ಒರಗಿಸಿ ಇಡುತ್ತಿದ್ದೆ. ದುಬೈಯಲ್ಲಿ ವಾಟ್ಸಾಪಿನಲ್ಲಿ ಮುಖ ನೋಡಿ ಮಾತಾಡಲು ಬಿಡುತ್ತಿರಲಿಲ್ಲ, ಬಾಟಿಮ್ ಹಾಕಿಕೊಂಡಿದ್ದೆವು. ಸಣ್ಣವಳು ಗಂಜಿಯ ಚಮಚವನ್ನು ಅಪ್ಪನ ಬಾಯಿಗೆಂದು ಪರದೆಗೆ ಹಿಡಿಯುತ್ತಿದ್ದಳು. ಗಾಜಿನ ಮೇಲೆ ಗಂಜಿ ಒಣಗಿ ಬಿಳಿ ಕಲೆಯಾಗಿ ನಿಲ್ಲುತ್ತಿತ್ತು. ಊರಿಗೆ ಬರುವವರ ಕೈಯಲ್ಲಿ ಖರ್ಜೂರ, ಕಂಬಳಿ ಬರುತ್ತಿತ್ತು. ಹೋಗುವವರ ಕೈಯಲ್ಲಿ ಪುನರ್ಪುಳಿಯ ಸಿಪ್ಪೆ, ಹಲಸಿನ ಹಪ್ಪಳ ಹೋಗುತ್ತಿತ್ತು. ಇವರ ಡ್ಯೂಟಿ ಮುಗಿದ ಗುರುತಿಗೆ ಒಂದು ಮಿಸ್ಡ್ ಕಾಲ್ ಬರುತ್ತಿತ್ತು. ಸೂತ್ರದ ಕಾಲದವರಾಗಿದ್ದರೆ ಹೆಂಟೆ ಎಸೆಯುತ್ತಿದ್ದರು. ನನ್ನ ಮೇಲೆ ಯಾವ ದೇಶವ್ರತವೂ ಇರಲಿಲ್ಲ, ಹಾಗಾಗಿ ಅತಿಚಾರ ಎನ್ನುವಂತಿಲ್ಲ. ಆದರೆ ಮನುಷ್ಯ ಒಂದೆಡೆ ಕೂತು ಇನ್ನೊಂದೆಡೆ ಬದುಕುವ ಪರಿಯನ್ನು ಆಚಾರ್ಯರು ಇಷ್ಟು ಸರಿಯಾಗಿ ಎಣಿಸಿಟ್ಟಿದ್ದಾರಲ್ಲ! ಅಜ್ಜಿ ಒಮ್ಮೆ ಹೇಳಿದರು, "ನಿನ್ನ ಕಾಲು ಮಾತ್ರ ಇಲ್ಲಿ ಉಂಟು."

ಆ ಮಾತೇ ನನ್ನನ್ನು ಹೊರಡಿಸಿತು. ದೇಹ ಗೆರೆಯೊಳಗಿದ್ದು ಬಾಕಿ ಎಲ್ಲವೂ ಆಚೆ ಇದ್ದರೆ ಅದು ಸಂಯಮವಲ್ಲ. ಇದ್ದಲ್ಲಿ ಪೂರ್ತಿ ಇರುವುದು ಮೊದಲು, ಗೆರೆ ಎಳೆಯುವುದು ಆಮೇಲೆ ಎಂದು ನನಗೆ ತೋರಿತು.

ಕಾಗದಪತ್ರದ ಕತೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮದುವೆ ನೋಂದಣಿ ಇವರ ಊರು ಬಂಟ್ವಾಳದಲ್ಲಿ ಆಗಿತ್ತು, ಆ ಪತ್ರಕ್ಕೆ ಮುದ್ರೆಯ ಮೇಲೆ ಮುದ್ರೆ ಬೀಳಬೇಕು. ಆದರೆ ಒಂದು ನಿಯಮ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಅಲ್ಲಿ ಸಂಸಾರ ಕರೆಸಿಕೊಳ್ಳುವವನ ಸಂಬಳ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಅದಕ್ಕಿಂತ ಕಮ್ಮಿಯವನು ಹೆಂಡತಿ ಮಕ್ಕಳ ಜೊತೆ ಬಾಳುವಂತಿಲ್ಲ. ನಮ್ಮ ಪರಿಗ್ರಹ ಪರಿಮಾಣ ವ್ರತ ಇದಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ, ಸರಕಾರ ಇದಕ್ಕಿಂತ ಕಡಿಮೆ ಬೇಡ ಎನ್ನುತ್ತದೆ. ಇವರ ಜೊತೆ ಒಂದೇ ಕೋಣೆಯಲ್ಲಿದ್ದ ಬೆಳ್ತಂಗಡಿಯ ಹುಡುಗನೊಬ್ಬನ ಸಂಬಳ ಆ ಅಂಕೆಯನ್ನು ಮುಟ್ಟಲೇ ಇಲ್ಲ. ಅವನ ಮಗು ಅಪ್ಪನನ್ನು ಈಗಲೂ ಫೋನಿನಲ್ಲೇ ಕಾಣುತ್ತಿದೆ. ಅಪರಿಗ್ರಹದ ಬಗ್ಗೆ ಮಾತಾಡುವಾಗ ನಾನು ಅವನನ್ನು ಮರೆಯಲಾರೆ. ಎಷ್ಟು ಸಾಕು ಎಂದು ಕೇಳಿಕೊಳ್ಳುವುದಕ್ಕೂ ಒಂದಷ್ಟು ಇರಬೇಕಾಗುತ್ತದೆ, ಅದು ಅವನಿಗೆ ಸಿಗಲಿಲ್ಲ.

ದುಬೈಯಲ್ಲಿ ಎದುರಾದ ಕಷ್ಟ ಊಟದ್ದು. ನಮ್ಮಲ್ಲಿ ಹೊತ್ತು ಮುಳುಗುವ ಮೊದಲು ಊಟ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ 5:30ಕ್ಕೆಲ್ಲ ಸೂರ್ಯಾಸ್ತ, ಇವರು ಮನೆಗೆ ಬರುವಾಗ 7 ದಾಟಿರುತ್ತದೆ. ಒಟ್ಟಿಗೆ ಉಣ್ಣಬೇಕೆಂದು ಕಡಲು ದಾಟಿ ಬಂದು, ವ್ರತಕ್ಕಾಗಿ ಬೇರೆ ಬೇರೆ ಉಣ್ಣುವುದೇ? ಮಗ ಅಪ್ಪನಿಗೆ ಕಾಯುತ್ತೇನೆ ಎಂದು ಹಟ ಹಿಡಿದಾಗ ನನಗೆ ಅವನನ್ನು ಗದರಲು ಬಾಯಿ ಬರಲಿಲ್ಲ. ವ್ರತ ನನ್ನದು, ನಾನು ಹಗಲಲ್ಲೇ ಉಣ್ಣುತ್ತೇನೆ. ಮಕ್ಕಳು ಸಂಜೆ ನನ್ನ ಜೊತೆ ಉಂಡು, ಇವರು ಬಂದಾಗ ಪಕ್ಕದಲ್ಲಿ ಕೂರುತ್ತಾರೆ. ಕೆಲವು ದಿನ ಮಗ ಎರಡು ತುತ್ತು ತಿನ್ನುತ್ತಾನೆ. ಭಾನುವಾರ ಎಲ್ಲರದೂ ಬೆಳಕಿನಲ್ಲಿ ಊಟ. ಇದು ಶಾಸ್ತ್ರಕ್ಕೆ ಪೂರ್ತಿ ಒಪ್ಪುವುದಿಲ್ಲ ಎಂದು ಬಲ್ಲೆ. ಮಗುವಿನ ಆ ಎರಡು ತುತ್ತನ್ನು ತಡೆಯುವುದೂ ನನ್ನಿಂದ ಸಾಧ್ಯವಿಲ್ಲ.

ಇವರಿಗೆ ಒಂದು ಮಾತು ರೂಢಿಯಾಗಿತ್ತು: "ಇದು ನಮ್ಮ ನೆಲ ಅಲ್ಲವಲ್ಲ." ವೀಸಾ ಇರುವ ತನಕ ಮಾತ್ರ ಇರುವವರಿಗೆ ಅದು ಸಹಜ. ನನಗೆ ಆಗ ನಮ್ಮೂರ ಗೊಮ್ಮಟ ನೆನಪಾಗುತ್ತಾನೆ. 1604ರಲ್ಲಿ ತಿಮ್ಮಣ್ಣ ಅಜಿಲರು ಫಲ್ಗುಣಿ ಹೊಳೆಯ ಬದಿಯಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನು, ಬಳ್ಳಿ ಮೈಗೆ ಹಬ್ಬಿದರೂ ಕದಲದವನು. ಆದರೂ ಅವನಿಗೆ ಕೇವಲಜ್ಞಾನ ಆಗಲಿಲ್ಲ, ತಾನು ನಿಂತ ನೆಲ ಅಣ್ಣ ಭರತನದು ಎಂಬ ಶಲ್ಯ ಒಳಗೆ ಚುಚ್ಚುತ್ತಿತ್ತು ಎಂದು ನಮ್ಮಲ್ಲಿ ಕತೆ ಹೇಳುತ್ತಾರೆ. ಭರತನೇ ಬಂದು ಈ ಭೂಮಿ ಯಾರದೂ ಅಲ್ಲ ಎನ್ನಬೇಕಾಯಿತು. ಆ ಭರತನಿಗೂ ಅದು ಸುಮ್ಮನೆ ತಿಳಿದದ್ದಲ್ಲ. ದಿಗ್ವಿಜಯ ಮುಗಿಸಿ ವೃಷಭಾಚಲದ ಮೇಲೆ ಹೆಸರು ಕೆತ್ತಿಸಲು ಹೋದಾಗ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆ ತುಂಬಿತ್ತು. ಒಂದನ್ನು ಅಳಿಸಿ ತನ್ನದನ್ನು ಬರೆಸಿದ. ನಮ್ಮ ಮನೆಯ ಗದ್ದೆಯ ಪಹಣಿಯಲ್ಲಿ ಹೆಸರು ಬದಲಾದದ್ದನ್ನು ಬಲ್ಲ ನನಗೆ, ವೇಣೂರಿನ ನೆಲ ನನ್ನದು, ದುಬೈಯ ನೆಲ ಪರರದು ಎಂದು ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಎರಡೂ ಕಡೆ ನಾವು ಸ್ವಲ್ಪ ಕಾಲ ನಿಂತವರು.

ದಶಲಕ್ಷಣದ ಹತ್ತು ದಿನ ಅಜ್ಜಿ ಮನೆ ಮತ್ತು ಬಸದಿಯ ಮಟ್ಟಿಗೆ ದೇಶವ್ರತದಲ್ಲಿರುತ್ತಾರೆ. ಆಗ ಫೋನಿಗೆ ಬರುವುದಿಲ್ಲ, ದನಿಯನ್ನೂ ಮುಖವನ್ನೂ ಆಚೆಗೆ ಕಳಿಸುವಂತಿಲ್ಲ. "ಪಿಜ್ಜಿಗೆ ಸಿಟ್ಟಾ?" ಎಂದು ಸಣ್ಣವಳು ಮುತ್ತಜ್ಜಿಯ ಬಗ್ಗೆ ಕೇಳಿದಾಗ, ಇಲ್ಲ, ಪಿಜ್ಜಿ ಇದ್ದಲ್ಲೇ ಇದ್ದಾರೆ ಎಂದೆ.

ಈಗ ನನ್ನದೂ ಒಂದು ಗೆರೆ ಬರೆದಿಟ್ಟಿದ್ದೇನೆ. ಪಡುವಕ್ಕೆ ಅಬುಧಾಬಿ, ಇವರ ಕೆಲಸ ಅಲ್ಲಿಯ ತನಕ ಇರುವುದರಿಂದ. ಒಂದು ದಿಕ್ಕಿನಲ್ಲಿ ಕುಗ್ಗಿಸಿ ಇನ್ನೊಂದರಲ್ಲಿ ಹಿಗ್ಗಿಸುವುದು ಕ್ಷೇತ್ರವೃದ್ಧಿ ಎಂಬ ದೋಷ. ಗೆರೆ ಎಲ್ಲಿತ್ತೆಂದು ಮರೆಯುವುದೂ ದೋಷವೇ. ಹಾಗಾಗಿ ಅವಸರ ಮಾಡಿಲ್ಲ. ಇವರ ಗೆಳೆಯರು ಒಬ್ಬೊಬ್ಬರಾಗಿ ಕೆನಡಾಕ್ಕೆ ಅರ್ಜಿ ಹಾಕುತ್ತಿದ್ದಾರೆ, ನಮ್ಮಲ್ಲೂ ಆ ಮಾತು ಬಂದಿದೆ. ನಾನು ಈಗಲೇ ವ್ರತ ತೆಗೆದುಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತದೆ. ನನ್ನ ಆಸೆಗೆ ಹಾಕಬೇಕಾದ ಕಟ್ಟನ್ನು ಇವರ ಬಾಯಿಗೆ ಹಾಕಿದರೆ ಅದು ಹಿಂಸೆ. ಮಾತಾಡಿ ಮುಗಿಸಿ, ಊರಿಗೆ ಹೋದಾಗ ಮುನಿಗಳ ಎದುರು ತೆಗೆದುಕೊಳ್ಳುವುದು ಎಂದಿದ್ದೇನೆ. ಬರೆದದ್ದನ್ನು ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದೆ. ಮೇಲಕ್ಕೂ ಕೆಳಕ್ಕೂ ಎಷ್ಟು ಎಂದು ಕೇಳಿದರು. ಕೆಳಕ್ಕೆ ಮನೆಯ ಬಾವಿ ಎಂದು ಬರೆದಿದ್ದೆ, ಮೇಲಿನದ್ದು ಖಾಲಿ ಇತ್ತು. "ವಿಮಾನ ಎಷ್ಟು ಮೇಲೆ ಹೋಗುತ್ತದೆ?" ಸುಮಾರು 35,000 ಅಡಿ ಎಂದೆ. "ಸರಿಯಾಗಿ ಕೇಳಿಕೊಂಡು ಬರೆ ಮಗಾ, ಆಮೇಲೆ ಹೆಚ್ಚು ಮಾಡಲಿಕ್ಕಿಲ್ಲ" ಎಂದರು.