ಯಾರ ಕೊರಳು ಬರಿದು?





ಪ್ರಾಚೀನ ರೋಮ್‌ನಲ್ಲಿ ಗಂಡುಮಗುವಿಗೆ ಹುಟ್ಟಿದ 9ನೇ ದಿನ ಹೆಸರಿಟ್ಟು, ಕೊರಳಿಗೆ 'ಬುಲ್ಲಾ' ಎಂಬ ಪದಕ ಹಾಕುತ್ತಿದ್ದರು. ಉಬ್ಬಿದ ಎರಡು ತಗಡು ಸೇರಿಸಿದ ಪುಟ್ಟ ಡಬ್ಬಿ; ಒಳಗೆ ಕೆಟ್ಟ ದೃಷ್ಟಿ ತಾಗದಂತೆ ರಕ್ಷೆ. ನಮ್ಮ ತಾಯತದ ಹಾಗೆ. ಉಳ್ಳವರದು ಚಿನ್ನದ್ದು, ಬಡವರದು ತೊಗಲಿನದು. ಹೆಣ್ಣುಮಕ್ಕಳಿಗೆ ಅರ್ಧಚಂದ್ರದ ಆಕಾರದ 'ಲೂನುಲಾ'. ಹುಡುಗ ದೊಡ್ಡವನಾದ ದಿನ ಬುಲ್ಲಾ ಕಳಚಿ ಮನೆದೇವರಿಗೆ ಒಪ್ಪಿಸುತ್ತಿದ್ದ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 10 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು ಎಂದು ಇತಿಹಾಸಕಾರರ ಅಂದಾಜು. ಅಷ್ಟು ಸಾವು ಕಂಡ ತಾಯಿ ಕೈಗೆ ಸಿಕ್ಕಿದ್ದನ್ನು ಕಟ್ಟದೆ ಇರುತ್ತಾಳೆಯೇ?

ನನ್ನನ್ನು ಕಾಡುವುದು ಬೇರೆ ಸಂಗತಿ. ಬುಲ್ಲಾ ಧರಿಸುವ ಹಕ್ಕು ಸ್ವತಂತ್ರರ ಮಕ್ಕಳಿಗಿತ್ತು. ಅದೇ ಮನೆಯಲ್ಲಿ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿ, ಅದೇ ಅಂಗಳದಲ್ಲಿ ಆಡುವ ಮಗುವಿನ ಕೊರಳು ಬರಿದು. ಜ್ವರ ಇಬ್ಬರಿಗೂ ಬರುತ್ತಿತ್ತು. ಆದರೆ ಪದಕ ತೊಟ್ಟ ಹುಡುಗನ ಮೈಮುಟ್ಟಲು ಜನ ಹೆದರಬೇಕಿತ್ತು, ಅವನ ಹಿಂದೆ ಕಾನೂನಿತ್ತು. ಗುಲಾಮರ ಮಗು ಯಜಮಾನನ ಸೊತ್ತು. ಬುಲ್ಲಾ ಕಟ್ಟಲು ಈ ಗುರುತೂ ಒಂದು ಕಾರಣವಿರಬಹುದೆಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಅಂದರೆ ಒಬ್ಬನನ್ನು ಕಾಯುವ ಪದಕವೇ, ಕಾಯುವವರಿಲ್ಲದ ಇನ್ನೊಬ್ಬನನ್ನು ತೋರಿಸಿಕೊಡುತ್ತಿತ್ತು.

ಹಾಗಾದರೆ ನನ್ನ ಮಗುವನ್ನು ಮೊದಲು ಕಾಯುವುದು ತಪ್ಪೇ? ತಪ್ಪಲ್ಲ ಎಂದೇ ನನ್ನ ತಿಳಿವಳಿಕೆ. ಕರಣೀಯ ಮೆತ್ತ ಸುತ್ತದಲ್ಲಿ ಬುದ್ಧರು ಕೊಡುವ ಹೋಲಿಕೆಯೇ ಒಬ್ಬನೇ ಮಗನನ್ನು ಪ್ರಾಣ ಒತ್ತೆಯಿಟ್ಟು ಕಾಯುವ ತಾಯಿಯದು. ಆದರೆ ಅವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ಮನಸ್ಸನ್ನೇ ಎಲ್ಲ ಜೀವಿಗಳ ಕಡೆಗೂ ಬೆಳೆಸಬೇಕು ಎನ್ನುತ್ತಾರೆ. ತಾಯಿಯ ಪ್ರೀತಿ ನಮಗೆ ಅಳತೆಗೋಲು. ಅದನ್ನೇ ಬೇಲಿ ಮಾಡಿಕೊಂಡು, ಆಚೆ ನಿಂತ ಮಗುವಿಗೆ ಏನಾದರೂ ಆಗಲಿ ಎಂದು ಕೂತರೆ, ಅಲ್ಲಿ ಮೈತ್ರಿ ಮುಗಿದು ಒಡೆತನ ಶುರುವಾಗುತ್ತದೆ.

*ಇಂದಿನ ಅಭ್ಯಾಸ:* ಮೈತ್ರಿ ಧ್ಯಾನಕ್ಕೆ ಕೂತಾಗ ಮೊದಲು ನಮ್ಮ ಮನೆಯ ಮಗುವನ್ನು ನೆನೆಯೋಣ. ಅದು ಸುಖವಾಗಿರಲಿ ಎಂಬ ಆಸೆ ಎಷ್ಟು ಗಟ್ಟಿಯಾಗಿದೆ ನೋಡೋಣ. ಆಮೇಲೆ, ದಿನಾ ಕಣ್ಣಿಗೆ ಬಿದ್ದರೂ ನಾವು ಹೆಸರು ಕೇಳದ ಒಂದು ಮಗುವನ್ನು ಅದೇ ಜಾಗದಲ್ಲಿ ಕೂರಿಸೋಣ. ನಾಳೆ ಸಿಕ್ಕಾಗ ಅದರ ಹೆಸರು ಕೇಳೋಣ.

ಭವತು ಸಬ್ಬ ಮಂಗಲಂ 🪷