ಬಂಗಾರದ ಮನುಷ್ಯನೂ ನಿಃಶಲ್ಯ ವ್ರತವೂ

ಕಣ್ಣಿಗೆ ಬಿದ್ದ ಒಂದು ನೋಟವು ಮನುಷ್ಯನ ಬಾಳನ್ನೇ ಬದಲಿಸಬಲ್ಲುದೇ? ಬಲ್ಲುದೆಂಬುದಕ್ಕೆ ಭಗವಾನ್ ಆದಿನಾಥರ ಚರಿತ್ರೆಯೇ ಸಾಕ್ಷಿ. ನೀಲಾಂಜನೆಯು ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರಿತು; ರಸಭಂಗವಾಗದಂತೆ ಇಂದ್ರನು ಅವಳನ್ನೇ ಹೋಲುವ ಮತ್ತೊಬ್ಬಳನ್ನು ನಿಲ್ಲಿಸಿದನು. ಸಭೆಯು ಅರಿಯದೆ ನಲಿಯಿತು. ಪ್ರಭುವು ಅರಿತು ವಿರಕ್ತನಾದನು. ನೋಟ ಒಂದೇ, ನೋಡಿದ ಬಗೆ ಬೇರೆ.

ಈ ಮಾತು ಚಲನಚಿತ್ರಕ್ಕೂ ಸಲ್ಲುತ್ತದೆ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡಿತು. ರಾಜಕುಮಾರ್ ಅಭಿನಯಿಸಿದ ರಾಜೀವನು ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರದ ಹೊರೆ ಹೊತ್ತು, ಬಂಜರು ನೆಲವನ್ನು ಹಸನುಗೊಳಿಸುತ್ತಾನೆ. ಅದನ್ನು ಕಂಡು ಪಟ್ಟಣ ತೊರೆದು ಹೊಲಕ್ಕೆ ಮರಳಿದ ಯುವಕರ ಸಂಗತಿಯು ಕನ್ನಡನಾಡಿನಲ್ಲಿ ಇಂದಿಗೂ ಮನೆಮಾತು. ಕೃಷಿಯನ್ನು ಲೋಕಕ್ಕೆ ಬೋಧಿಸಿದವರು ಆದಿನಾಥರೇ ಆದುದರಿಂದ, ಎಚ್ಚರದಿಂದ ನಡೆಸುವ ಬೇಸಾಯವು ಗೃಹಸ್ಥನಿಗೆ ಸಲ್ಲದ್ದೇನಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತಾನು ಸಾಕಿ ಬೆಳೆಸಿದ ಅಕ್ಕನ ಮಗನೇ ಸಂಶಯದಿಂದ ನಿಂದಿಸಿದಾಗ, ರಾಜೀವನು ಪಾಲು ಕೇಳದೆ, ಲೆಕ್ಕ ಒಪ್ಪಿಸದೆ, ಬರಿಗೈಯಲ್ಲಿ ಮನೆಬಿಟ್ಟು ನಡೆಯುತ್ತಾನೆ. ಮೊದಲರ್ಧದಿಂದ ಪ್ರೇರಿತರಾಗುವುದು ಸುಲಭ. ಅಲ್ಲಿ ದುಡಿಮೆಗೆ ಫಲವುಂಟು. ಕೊನೆಯರ್ಧವನ್ನು ಬಾಳಿಗೆ ತಂದುಕೊಳ್ಳುವವರು ವಿರಳ.

ಶಲ್ಯರಹಿತನೇ ವ್ರತಿಯೆಂಬುದು ಉಮಾಸ್ವಾಮಿ ಆಚಾರ್ಯರ ಅಭಿಪ್ರಾಯ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳಲ್ಲಿ ನಿದಾನವೆಂದರೆ ವ್ರತದ ಫಲವಾಗಿ ಭೋಗವನ್ನು ಬಯಸುವುದು. ತೆರೆಯ ಮೇಲಿನ ಬಂಗಾರದ ಬೆಳೆಯನ್ನು ಕಂಡು ನೇಗಿಲು ಹಿಡಿದವನು ಮೊದಲ ಬರಗಾಲಕ್ಕೇ ಅದನ್ನು ಕೆಳಗಿಟ್ಟರೆ, ಅವನನ್ನು ಹೊಲಕ್ಕೆ ಕರೆತಂದದ್ದು ಸಂಕಲ್ಪವಲ್ಲ, ಫಲದ ಆಸೆ.

ರಾಜೀವನು ನಿಃಶಲ್ಯನಾಗಿದ್ದನೇ? ಹಾಗೆನ್ನಲಾಗದು. ಅವನು ನೊಂದು ಹೊರಟವನು. ಆಸ್ತಿ ಬಿಟ್ಟರೂ ನೋವನ್ನು ಹೊತ್ತೇ ನಡೆದನು. ಕೈ ಬರಿದಾಗುವುದು ತ್ಯಾಗದ ಆರಂಭ. ಮನಸ್ಸು ಬರಿದಾಗುವುದು ಆಕಿಂಚನ್ಯ. ಚಿತ್ರವು ಪ್ರೇಕ್ಷಕನನ್ನು ಮೊದಲನೆಯದರ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಮುಂದಿನ ಹೆಜ್ಜೆ ಅವನದೇ.

ಆ ಹೆಜ್ಜೆಗೆ ಶ್ರಾವಕರ ಮನೆಯಲ್ಲಿ ಅವಕಾಶವಿದ್ದೇ ಇದೆ. ಕಣ್ಣೀರು ಆರುವ ಮುನ್ನ ಪರಿಗ್ರಹಕ್ಕೊಂದು ಪರಿಮಾಣವನ್ನು ನಿಶ್ಚಯಿಸಿ ಗುರುಸಾಕ್ಷಿಯಾಗಿ ಸ್ವೀಕರಿಸಿದರೆ, ಕ್ಷಣದ ಭಾವವು ವರ್ಷಗಳ ನಿಯಮವಾಗುತ್ತದೆ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವನು ಪಾರಣೆಯ ದಿನ, ಯಾರು ಹೊಗಳಿದರು, ಯಾರು ಮರೆತರು ಎಂದು ಎಣಿಸುತ್ತ ಕುಳಿತರೆ, ಹಸಿವು ಗೆದ್ದಿದ್ದರೂ ಮುಳ್ಳು ಒಳಗೇ ಉಳಿದಿದೆ. ಸಾಕಿದ ಮಗ ಕೃತಜ್ಞತೆ ತೋರದಿದ್ದಾಗಲೂ ಲೆಕ್ಕದ ಪುಸ್ತಕವನ್ನು ತೆರೆಯದ ತಂದೆತಾಯಿಗಳು ಯಾವ ತೆರೆಯ ಮೇಲೂ ಕಾಣಿಸಿಕೊಳ್ಳುವುದಿಲ್ಲ. ಅವರ ವ್ರತಕ್ಕೆ ಪ್ರೇಕ್ಷಕರ ಅಗತ್ಯವೂ ಇಲ್ಲ.